ಕೇಳಿಸ್ಕೊಂಡಿದ್ದೆಲ್ಲಾ ನೆನಪಿತ್ತು, ಆದ್ರೂ ಹೆಂಡ್ತಿಗೆ ಬೇಜಾರು

(ಗುರುತು ಸಿಗೋ ವಿವರ ಬದಲಾಯ್ಸಿದೀನಿ, ಇಬ್ರ ಒಪ್ಪಿಗೆನೂ ಇದೆ.)

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದವರು, ಹೆಸರು ರವಿ ಅನ್ನೋಣ. ವೈಟ್‌ಫೀಲ್ಡಲ್ಲಿ ಟೀಮ್ ಲೀಡ್, ಮನೆ ವಿಜಯನಗರ, ದಿನಾ ಮೆಟ್ರೋ ಪರ್ಪಲ್ ಲೈನಲ್ಲೇ ಓಡಾಟ. ಹೆಂಡತಿ ಸ್ಕೂಲ್ ಟೀಚರ್. ಮನೇಲಿ "ನಿಮ್ಗೆ ಹೇಳೋದೇ ವೇಸ್ಟು", ಆಫೀಸ್ ಫೀಡ್‌ಬ್ಯಾಕಲ್ಲಿ "ಮಾತು ಮುಗಿಸೋಕೆ ಬಿಡಲ್ಲ", ಎರಡೂ ಕಡೆ ಒಂದೇ ಕಂಪ್ಲೇಂಟು.

"ಕೇಳ್ತಾನೇ ಇರ್ತೀನಿ ಮೇಡಂ, ಬೇಕಾದ್ರೆ ಒಪ್ಪಿಸ್ತೀನಿ" ಅಂದ್ರು. ಒಪ್ಪಿಸಿದ್ರು ಕೂಡ! ಎಚ್‌ಎಂ ಹೆಂಡತಿನ ಬೈದಿದ್ದು, ಯಾವ ಕ್ಲಾಸಲ್ಲಿ, ಯಾವ ನೋಟ್ಸ್ ವಿಷ್ಯಕ್ಕೆ, ಎಲ್ಲಾ ಕರೆಕ್ಟು. ಆಮೇಲೆ ನೀವೇನಂದ್ರಿ ಅಂದ್ರೆ "ಮ್ಯಾನೇಜ್‌ಮೆಂಟ್‌ಗೆ ಲೆಟರ್ ಕೊಡು, ಇಲ್ಲಾ ಬಿಟ್ಬಿಡು ಅಂದೆ". ಅಷ್ಟಕ್ಕೇ ಅವರು ಎದ್ದು ಅಡುಗೆಮನೆಗೆ ಹೋದ್ರಂತೆ. ಆದ ಅವಮಾನ ಮಾತ್ರ ಇವರ ಲೆಕ್ಕದಲ್ಲೇ ಇರ್ಲಿಲ್ಲ.

ಥಾಮಸ್ ಗಾರ್ಡನ್ ಅಂತ ಅಮೆರಿಕದ ಸೈಕಾಲಜಿಸ್ಟ್ ಒಬ್ರು, ಎದುರಿನವರ ಮಾತಿಗೆ ಅಡ್ಡ ಬರೋ 12 ಥರದ ಉತ್ತರಗಳನ್ನ ಪಟ್ಟಿ ಮಾಡಿದಾರೆ, ಅದ್ರಲ್ಲಿ ಬೈಯೋದು ಹೆದರಿಸೋದು ಇರೋದು ಸರಿ, ಸಲಹೆ ಕೊಡೋದೂ ಇದೆ, "ಏನೂ ಆಗಲ್ಲ ಬಿಡು" ಅನ್ನೋ ಸಮಾಧಾನನೂ ಇದೆ. ರವಿ ಒಪ್ಲೇ ಇಲ್ಲ. ದಿನಾ ಬಗ್ ಫಿಕ್ಸ್ ಮಾಡೋರಿಗೆ ಕಷ್ಟನೇ ಬಿಡಿ.

ನಾನು ಹೇಳಿದ್ದು ಇಷ್ಟು: ಅವರಾಗೇ ಕೇಳೋವರ್ಗೂ ಪರಿಹಾರ ಬೇಡ, ನಿಮಗೆ ಅರ್ಥ ಆಗಿದ್ದನ್ನ ಹೇಳಿ, ಸರಿನಾ ಅಂತ ಕೇಳಿ. ಮೆಟ್ರೋ ಇಳಿದು ತಲೆ ಕೆಟ್ಟಿದ್ರೆ "ಊಟ ಆದ್ಮೇಲೆ ಮಾತಾಡೋಣ" ಅನ್ನಿ, ಆಮೇಲೆ ಮರೀದೆ ಕೂತ್ಕೊಳ್ಳಿ. ಫೋನ್ ನೋಡ್ತಾ ಹೂಂ ಹೂಂ ಅನ್ನೋದಕ್ಕಿಂತ ಎಷ್ಟೋ ವಾಸಿ.

ಮುಂದಿನ ಸಲ ಇಬ್ರೂ ಬಂದ್ರು. "ನಾನ್ ಹೇಳಿದ್ದನ್ನೇ ವಾಪಸ್ ಹೇಳ್ತಾರೆ ಮೇಡಂ, ಗಿಳಿಪಾಠ ಒಪ್ಸಿದಂಗೆ" ಅಂತ ಅವರಿಗೆ ಸಿಟ್ಟು, ಜೊತೆಗೆ ನಗು. ತುಂಬಾ ಜನ ಇಲ್ಲೇ ಸಿಕ್ಕಾಕೊಳ್ಳೋದು. ಅವರಿಗೆ ಹೆಂಗನ್ಸಿರ್ಬೋದು ಅಂತ ಊಹಿಸಿ ಹೇಳಿ, ತಪ್ಪಾದ್ರೂ ಪರ್ವಾಗಿಲ್ಲ ಅಂತ ರವಿಗೆ ಅಂದೆ. ಅಲ್ಲೇ ಟ್ರೈ ಮಾಡಿದ್ರು.

"ಎಲ್ರ ಮುಂದೆ ಬೈದಿದ್ದಕ್ಕೆ ಸಿಟ್ಟು ಬಂತಾ ನಿಂಗೆ?"

"ಸಿಟ್ಟಲ್ಲ ರೀ, ಮಕ್ಕಳು ಕೇಳಿಸ್ಕೊಂಡ್ವಲ್ಲ, ನಾಳೆ ಆ ಕ್ಲಾಸಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಅನ್ನಿಸ್ತು."

ಊಹೆ ತಪ್ಪಾಗಿದ್ದೇ ಒಳ್ಳೇದಾಯ್ತು, ಇಷ್ಟು ದಿನ ಈ ಮಾತು ಹೊರಗೇ ಬಂದಿರ್ಲಿಲ್ಲ.

ಆಫೀಸಿನದು ಸಲೀಸು. ಟೀಮಿನವರ ಜೊತೆ ಒಬ್ಬೊಬ್ರಾಗಿ ಕೂತು ಮಾತಾಡೋ ಒನ್-ಆನ್-ಒನ್ ಟೈಮಲ್ಲಿ ಲ್ಯಾಪ್‌ಟಾಪ್ ಮುಚ್ಚಿ, ಅವರು ಮಾತು ನಿಲ್ಲಿಸಿದ ಮೇಲೂ ಸ್ವಲ್ಪ ಸುಮ್ನಿರಿ ಅಂದಿದ್ದೆ. ಡೆಡ್‌ಲೈನ್‌ಗೆ ಆಗಲ್ಲ ಅನ್ನೋದನ್ನ ಟೀಮಿನವರು ಈಗ ಮೊದ್ಲೇ ಬಂದು ಹೇಳ್ತಾರಂತೆ. ಮನೇಲಿ "ಲೆಟರ್ ಕೊಡು" ಅನ್ನೋ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ, ಮುಂದಿನ ತಿಂಗಳು ಇಬ್ರೂ ಬನ್ನಿ ಅಂದಿದೀನಿ.