ಮಾತ್ರೆ ಮೊದಲು, ಪುಸ್ತಕ ಪಕ್ಕದಲ್ಲೇ

ಪ್ರಶ್ನೆ: ಮುಂಬೈನ ಘಾಟ್ಕೋಪರ್‌ನ ಹೋಟೆಲಿನಲ್ಲಿ ಕೆಲಸ, ವಯಸ್ಸು 23. ಹತ್ತನೇ ತರಗತಿ ಮುಗಿಸುವ ಆಸೆ. ಶ್ವಾಸಕೋಶದ ಟಿಬಿಗೆ ಎರಡು ತಿಂಗಳಿಂದ ಮಾತ್ರೆ ತಗೊಳ್ತಿದ್ದೇನೆ. ಓದು ಬಿಡಲೇ?

ಉತ್ತರ: ಬಿಡಬೇಡಿ. ಸಾಮಾನ್ಯ ಟಿಬಿಗೆ ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು. ಕೆಮ್ಮು ನಿಂತು ಹಸಿವು ಮರಳಿತೆಂದು ಅನೇಕರು ಈ ಹಂತದಲ್ಲೇ ಮಾತ್ರೆ ನಿಲ್ಲಿಸುತ್ತಾರೆ. ಉಳಿದ ರೋಗಾಣು ಔಷಧಕ್ಕೆ ಬಗ್ಗದಂತಾಗುವುದು ಹೀಗೆಯೇ. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ಅದು ಈ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಗುಣ. ಆದರೆ ಅಕ್ಷರ ಮಂಜಾದರೆ, ಕೆಂಪು-ಹಸಿರು ಗುರುತು ತಪ್ಪಿದರೆ, ‘ಓದಿ ಓದಿ ಕಣ್ಣು ದಣಿದಿದೆ’ ಅಂದುಕೊಳ್ಳದೆ ಅಂದೇ ವೈದ್ಯರಿಗೆ ತೋರಿಸಿ. ಕಣ್ಣು ಹಳದಿಯಾದರೂ ಅಷ್ಟೇ.

ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1,000 ರೂಪಾಯಿ ಖಾತೆಗೆ ಬರುತ್ತಿದೆಯೇ ನೋಡಿ. ಅದು ಮೊಟ್ಟೆ, ಬೇಳೆಗೆ, ಊರಿಗೆ ಕಳಿಸುವುದಕ್ಕಲ್ಲ.

ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್ ಇದೆ. ನೋಂದಣಿ 5 ವರ್ಷ ನಡೆಯುತ್ತದೆ, 9 ಅವಕಾಶ. ಐದೂ ವಿಷಯ ಒಟ್ಟಿಗೆ ಬರೆಯಬೇಕಿಲ್ಲ, ಪಾಸಾದದ್ದು ಉಳಿಯುತ್ತದೆ. ಗಣಿತ ಕಡ್ಡಾಯವೂ ಅಲ್ಲ! ಮೊದಲು ಎರಡು ವಿಷಯ ಸಾಕು. ದಿನಕ್ಕೆ 40 ನಿಮಿಷ, ರಾತ್ರಿ ಶಟರ್ ಎಳೆದ ಮೇಲಲ್ಲ, ಮಧ್ಯಾಹ್ನದ ಬಿಡುವಿನಲ್ಲಿ.