ಇಪ್ಪತ್ತೊಂದನೇ ಮಗುವನ್ನು ಸೇರಿಸಿಕೊಳ್ಳುವ ಮುಂಚೆ

ಮನೆಯಲ್ಲೇ ಪ್ಲೇ ಹೋಮ್ ನಡೆಸುವವರಿಂದ ಬಂದ ಪತ್ರಗಳೆಲ್ಲ ಈ ಸಲ ಒಂದೇ ಮಾತು ಹೇಳುತ್ತಿವೆ: ಮಕ್ಕಳು ಹೆಚ್ಚುತ್ತಿದ್ದಾರೆ, ಮನೆ ಸಾಲುತ್ತಿಲ್ಲ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಸ್ವಂತ ಮನೆ, 30×40 ಸೈಟು. ಕೆಳಗಿನ ಹಾಲ್ 12×16 ಅಡಿ, ಪಕ್ಕದ ರೂಮು 10×11. ನಾಲ್ಕು ವರ್ಷದಿಂದ ಪ್ಲೇ ಹೋಮ್ ನಡೆಸುತ್ತಿದ್ದೇನೆ. ಈಗ 18 ಮಕ್ಕಳು. ನಾನು ಮತ್ತು ಒಬ್ಬ ಆಯಾ ಇದ್ದೇವೆ. ಜೂನ್‌ಗೆ ಇನ್ನೂ 12 ಮಕ್ಕಳ ಪೋಷಕರು ಕೇಳಿದ್ದಾರೆ. ನಡುವಿನ ಗೋಡೆ ಒಡೆಸಿ, ಪೋರ್ಟಿಕೊಗೆ ಶೀಟು ಹಾಕಿಸಿ ಮೂವತ್ತು ಮಕ್ಕಳನ್ನು ತೆಗೆದುಕೊಳ್ಳಬಹುದೇ?
— ಹೆಸರು ಬೇಡ, ಕುವೆಂಪುನಗರ, ಮೈಸೂರು

ಉತ್ತರ: ಗಾರೆಯವರನ್ನು ಕರೆಸುವ ಮುಂಚೆ ಲೆಕ್ಕ ನೋಡೋಣ. ಹಾಲ್ 192 ಚದರಡಿ, ರೂಮು 110, ಒಟ್ಟು 302. ಶಾಲಾಪೂರ್ವ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಗುಣಮಟ್ಟದ ಅಳತೆ 30 ಮಕ್ಕಳಿಗೆ 35 ಚದರ ಮೀಟರ್ ಕೋಣೆ. ಅಂದರೆ ಸುಮಾರು 377 ಚದರಡಿ, ಮಗುವಿಗೆ ಹನ್ನೆರಡೂವರೆ ಚದರಡಿ. ನಿಮ್ಮ 302ರಲ್ಲಿ ಚಪ್ಪಲಿ ಸ್ಟ್ಯಾಂಡು, ಬೀರು, ಆಟಿಕೆ ರ‍್ಯಾಕು, ಮುಂಬಾಗಿಲಿನಿಂದ ಅಡುಗೆಮನೆಗೆ ಓಡಾಡುವ ದಾರಿ ಎಂದು ಶೇ 15 ಕಳೆಯಿರಿ. ಉಳಿಯುವುದು 257 ಚದರಡಿ, ಅಂದರೆ 20 ಮಕ್ಕಳ ಜಾಗ. ಗೋಡೆ ಒಡೆದರೆ ಜಾಗವೇನೂ ಹೆಚ್ಚುವುದಿಲ್ಲ, ಗದ್ದಲ ಹೆಚ್ಚುತ್ತದೆ. ಎರಡು ಗುಂಪು ಒಂದೇ ದೊಡ್ಡ ಕೋಣೆಯಲ್ಲಿದ್ದರೆ ಈ ಗುಂಪಿನ ಕಥೆಯ ಹೊತ್ತಿಗೆ ಆ ಗುಂಪಿನ ಹಾಡು ನಡೆಯುತ್ತಿರುತ್ತದೆ. ಅಲ್ಲದೆ ಪಿಲ್ಲರ್ ಇಲ್ಲದ ಹಳೆಯ ಮನೆಯಾದರೆ ಒಂಬತ್ತು ಇಂಚಿನ ಗೋಡೆಯ ಮೇಲೆಯೇ ಆರ್‌ಸಿಸಿ ಛಾವಣಿ ಕೂತಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಅದನ್ನು ಮುಟ್ಟಬೇಡಿ. ಎರಡು ಕೋಣೆ ಎರಡಾಗಿಯೇ ಇರಲಿ, ಬಾಗಿಲು ಮಾತ್ರ ಕಳಚಿಡಿ.

ಪೋರ್ಟಿಕೊ ಮಾತು ಬಿಟ್ಟುಬಿಡಿ. ಮನೆ ಮುಂದಿನ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಬಿಡಬೇಕಾದ ಜಾಗ, ಮುಚ್ಚಿದರೆ ಪ್ಲಾನ್ ಉಲ್ಲಂಘನೆ. ಶೀಟಿನ ಕೆಳಗೆ ಏಪ್ರಿಲ್‌ನಲ್ಲಿ ಮಕ್ಕಳು ಬೇಯುತ್ತಾರೆ, ಜೂನ್‌ನಲ್ಲಿ ಮಳೆ ಸದ್ದಿಗೆ ಮಿಸ್ ಮಾತು ಕೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಅಳತೆಯ ಪ್ರಕಾರ 30 ಮಕ್ಕಳಿಗೆ 30 ಚದರ ಮೀಟರ್ ಹೊರಜಾಗವೂ ಬೇಕು. ನಿಮಗಿರುವ ಹೊರಜಾಗವೇ ಪೋರ್ಟಿಕೊ. ಅದನ್ನೂ ತರಗತಿ ಮಾಡಿದರೆ ಮಕ್ಕಳು ಓಡುವುದೆಲ್ಲಿ?

ಇನ್ನು ದುಡ್ಡು. ಮಕ್ಕಳು ಒಬ್ಬೊಬ್ಬರಾಗಿ ಸೇರುತ್ತಾರೆ, ಖರ್ಚು ಹಾಗಲ್ಲ, ಮೆಟ್ಟಿಲು ಹತ್ತಿದ ಹಾಗೆ ಒಮ್ಮೆಲೇ ಏರುತ್ತದೆ. ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳುವುದು 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ. ಇಪ್ಪತ್ತೊಂದನೇ ಮಗು ಬಂದ ದಿನ ಇನ್ನೊಬ್ಬ ಮಿಸ್, ಇನ್ನೊಬ್ಬ ಆಯಾ ಬೇಕು. ಶುಲ್ಕ ತಿಂಗಳಿಗೆ 2,500, ವರ್ಷಕ್ಕೆ ಹತ್ತು ತಿಂಗಳು ಎಂದಿಟ್ಟುಕೊಳ್ಳಿ. ಮಗುವಿಗೆ ವರ್ಷಕ್ಕೆ 25 ಸಾವಿರ. ಮಿಸ್‌ಗೆ 14 ಸಾವಿರ, ಆಯಾಗೆ 9 ಸಾವಿರ ಕೊಟ್ಟರೆ ತಿಂಗಳಿಗೆ 23 ಸಾವಿರ. ಸಂಬಳ ಮಾತ್ರ ಹನ್ನೆರಡು ತಿಂಗಳೂ ಹೋಗಬೇಕು, ಬೇಸಿಗೆಯಲ್ಲಿ ನಿಲ್ಲಿಸಿದರೆ ಒಳ್ಳೆಯ ಮಿಸ್ ಜೂನ್‌ಗೆ ಬೇರೆ ಕಡೆ ಇರುತ್ತಾರೆ. ವರ್ಷಕ್ಕೆ 2.76 ಲಕ್ಷ ಆಯಿತು. ನಿಮಗೆ ಬರುವ 12ರಲ್ಲಿ ಮೊದಲ ಇಬ್ಬರು ಈಗಿನ ಸಿಬ್ಬಂದಿಯಲ್ಲೇ ಹಿಡಿಯುತ್ತಾರೆ. ಉಳಿದ ಹತ್ತು ಮಕ್ಕಳಿಂದ 2.5 ಲಕ್ಷ. ಅಂದರೆ 30 ಮಕ್ಕಳಾದರೂ ಈ ಮೆಟ್ಟಿಲಿನಲ್ಲಿ 26 ಸಾವಿರ ನಿಮ್ಮ ಕೈಯಿಂದಲೇ ಹೋಗುತ್ತದೆ, ಹೆಚ್ಚಿದ ಮಕ್ಕಳಿಗೆ ಟಾಯ್ಲೆಟ್ ಕಟ್ಟಿಸುವ ಖರ್ಚು ಬೇರೆ. ನಿಮ್ಮೂರಿನ ಶುಲ್ಕ, ಸಂಬಳ ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಹಾಗಾಗಿ ನಿಮಗಿರುವುದು ಎರಡೇ ದಾರಿ. ಇಪ್ಪತ್ತಕ್ಕೆ ನಿಂತು, ಉಳಿದವರ ಹೆಸರು ಕಾಯುವ ಪಟ್ಟಿಯಲ್ಲಿ ಬರೆದು, ಶುಲ್ಕ 250 ಏರಿಸುವುದು ಒಂದು. ಯಾವ ಖರ್ಚೂ ಇಲ್ಲದೆ ವರ್ಷಕ್ಕೆ 50 ಸಾವಿರ ಹೆಚ್ಚು ಬರುತ್ತದೆ. ಇನ್ನೊಂದು, ಸಂಸಾರವನ್ನು ಮೇಲ್ಮಹಡಿಗೆ ಸಾಗಿಸಿ ಕೆಳಮಹಡಿ ಪೂರ್ತಿ ಬಿಟ್ಟುಕೊಡುವುದು. ಊಟದ ಜಾಗ 90 ಚದರಡಿ, ಇನ್ನೊಂದು ಬೆಡ್‌ರೂಮ್ 120 ಸಿಕ್ಕಿತೆಂದರೆ ಒಟ್ಟು 512. ಶೇ 15 ಕಳೆದರೆ 34 ಮಕ್ಕಳಿಗೆ ಒಳಜಾಗ ಆಯಿತು. ಹೊರಗೂ ಅದೇ ಲೆಕ್ಕದಲ್ಲಿ ಮಗುವಿಗೊಂದು ಚದರ ಮೀಟರ್ ಇಲ್ಲದಿದ್ದರೆ ಗುಂಪು ಗುಂಪಾಗಿ ಸರದಿಯಲ್ಲಿ ಬಿಡಬೇಕು. 34 ಮಕ್ಕಳೂ ತುಂಬಿದರೆ, ಇಪ್ಪತ್ತರ ಮೇಲಿನ 14 ಮಕ್ಕಳ 3.5 ಲಕ್ಷದಲ್ಲಿ ಹೊಸ ಸಿಬ್ಬಂದಿಯ ಸಂಬಳ ಕಳೆದು 74 ಸಾವಿರ ಉಳಿಯುತ್ತದೆ. ಮಕ್ಕಳನ್ನು ಮೇಲಿಟ್ಟು ನೀವು ಕೆಳಗಿರುವುದು ಮಾತ್ರ ಬೇಡ. ಬೆಂಕಿ, ಹೊಗೆ ಎಂದರೆ ಮೂರು ವರ್ಷದ ಮಕ್ಕಳನ್ನು ಮೆಟ್ಟಿಲಿಳಿಸಲು ಒಬ್ಬೊಬ್ಬರಿಗೆ ಒಂದೊಂದು ಕೈ ಬೇಕು.

ಪ್ರಶ್ನೆ: ಪೋಷಕರು ಸಿಸಿ ಕ್ಯಾಮೆರಾ ಹಾಕಿಸಿ, ಮೊಬೈಲ್‌ನಲ್ಲಿ ನೋಡುವಂತೆ ಮಾಡಿ ಎನ್ನುತ್ತಿದ್ದಾರೆ. ಅದು ಬಿಟ್ಟು ಇನ್ನೇನು ಭದ್ರತೆ ಬೇಕು?
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಕ್ಯಾಮೆರಾ ಹಾಕಿಸಿ. ಬಾಗಿಲಿಗೆ, ತರಗತಿಗೆ, ಹೊರಜಾಗಕ್ಕೆ ಒಂದೊಂದು; ಟಾಯ್ಲೆಟ್ ಮತ್ತು ಬಟ್ಟೆ ಬದಲಿಸುವ ಜಾಗಕ್ಕೆ ಬೇಡವೇ ಬೇಡ. ಆದರೆ ಮೊಬೈಲ್‌ಗೆ ನೇರ ಪ್ರಸಾರ ಕೊಡಬೇಡಿ. ಒಬ್ಬರ ಮಗುವನ್ನು ಮೂವತ್ತು ಮನೆಯವರು ನೋಡುವ ಏರ್ಪಾಡು ಅದು. ರೆಕಾರ್ಡಿಂಗ್ ಇರಲಿ, ಕೇಳಿದವರಿಗೆ ನಿಮ್ಮೆದುರೇ ತೋರಿಸಿ.

ಕ್ಯಾಮೆರಾ ಅಪಾಯವನ್ನು ಚಿತ್ರೀಕರಿಸುತ್ತದೆಯೇ ಹೊರತು ತಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳ ಜೀವಕ್ಕೆ ಕುತ್ತಾಗುವ ಎರಡು ವಸ್ತುಗಳು ಮುಂಬಾಗಿಲ ಆಚೆಯೇ ಇವೆ: ಸ್ಲೈಡಿಂಗ್ ಗೇಟು ಮತ್ತು ಸಂಪು.

ಸ್ಲೈಡಿಂಗ್ ಗೇಟಿನ ಭಾರವೆಲ್ಲ ಕೆಳಗಿನ ಹಳಿಯ ಮೇಲಿರುತ್ತದೆ. ಅದು ನೆಟ್ಟಗೆ ನಿಲ್ಲುವುದು ಮೇಲೆ ಕಂಬಕ್ಕೆ ಹಾಕಿದ ಗೈಡ್ ರೋಲರ್‌ನಿಂದ. ಹಳಿಯ ತುದಿಯ ಸ್ಟಾಪರ್ ತುಕ್ಕು ಹಿಡಿದು ಕಿತ್ತುಹೋಗಿದ್ದರೆ, ಜೋರಾಗಿ ಎಳೆದಾಗ ಗೇಟು ರೋಲರ್ ದಾಟಿ ಹೊರಬಂದು ಅಡ್ಡ ಬೀಳುತ್ತದೆ. ನೂರು ಕೆಜಿ ಮೀರುವ ಗೇಟುಗಳು ಅಪರೂಪವಲ್ಲ. ಮಕ್ಕಳಿಗೋ ಅದರ ಮೇಲೆ ಹತ್ತಿ ಸವಾರಿ ಮಾಡುವುದೇ ಆಟ. ತಿಂಗಳಿಗೊಮ್ಮೆ ಗೇಟನ್ನು ಎರಡೂ ತುದಿಗೆ ಎಳೆದು ನಿಲ್ಲುತ್ತದೋ ನೋಡಿ, ಮೇಲ್ತುದಿ ಹಿಡಿದು ಅಡ್ಡಕ್ಕೆ ಅಲುಗಾಡಿಸಿ. ತುಸು ಹೆಚ್ಚು ಓಲಾಡಿದರೂ ವೆಲ್ಡಿಂಗ್‌ನವರನ್ನು ಕರೆಸಿ ಎರಡೂ ತುದಿಗೆ ದಪ್ಪ ಪ್ಲೇಟಿನ ಸ್ಟಾಪರ್, ಇನ್ನೊಂದು ಜೊತೆ ರೋಲರ್ ಹಾಕಿಸಿ. ಮಕ್ಕಳಿರುವಷ್ಟು ಹೊತ್ತು ದೊಡ್ಡ ಗೇಟಿಗೆ ಬೀಗವಿರಲಿ, ಚಿಕ್ಕ ಗೇಟಿನಲ್ಲೇ ಓಡಾಟ.

ಸಂಪಿನ ಮುಚ್ಚಳ ಎರಡಡಿ ಚದರದ ತಗಡು. ಮೇಲೆ ಕಾಲೊರೆಸುವ ಮ್ಯಾಟ್ ಹಾಸಿದ್ದರೆ ಅದರಡಿಯ ತುಕ್ಕು ಕಾಣುವುದೇ ಇಲ್ಲ. ಇನ್ನು ನೀರು ಬಿಡುವ ದಿನ ಎಷ್ಟು ತುಂಬಿತು ಎಂದು ಮುಚ್ಚಳ ಎತ್ತಿ ನೋಡಿ, ಫೋನ್ ಬಂತೆಂದು ಹಾಗೇ ಒಳಗೆ ಹೋಗುವುದುಂಟು. ಮುಚ್ಚಳದ ಕೆಳಗೆ 10 ಎಂಎಂ ಕಂಬಿಯ ಗ್ರಿಲ್ ಒಂದನ್ನು, ಕಂಬಿಗಳ ನಡುವೆ ನಾಲ್ಕಿಂಚಿಗಿಂತ ಕಡಿಮೆ ಅಂತರ ಬಿಟ್ಟು, ಬೇರೆ ಬೀಗದೊಂದಿಗೆ ಕೂರಿಸಿ. ಮುಚ್ಚಳ ತೆರೆದರೂ ಮಗು ಒಳಗೆ ಬೀಳದು. ಕೀಲಿ ಒಬ್ಬರ ಬಳಿ ಮಾತ್ರ ಇರಲಿ. ಬಚ್ಚಲಿನ ಬಕೆಟ್‌ಗಳನ್ನೂ ಬರಿದು ಮಾಡಿ ಬೋರಲು ಹಾಕಿ. ಎರಡು ವರ್ಷದ ಮಗು ತಲೆಕೆಳಗಾಗಿ ಬಿದ್ದರೆ ಅರ್ಧ ಬಕೆಟ್ ನೀರೇ ಸಾಕು.

ಉಳಿದದ್ದು ಬೇಗ ಹೇಳುತ್ತೇವೆ. ಮೇನ್ ಬೋರ್ಡಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ ಸ್ವಿಚ್) ಹಾಕಿಸಿ. ಅಡ್ಡ ಸರಳುಗಳಿರುವ ಕಿಟಕಿ ಗ್ರಿಲ್ ಮಕ್ಕಳಿಗೆ ಏಣಿಯಿದ್ದಂತೆ, ಅದರ ಬಳಿ ಬೆಂಚು ಬೇಡ. ಗ್ಯಾಸ್ ಸಿಲಿಂಡರ್ ಹೊರಗಿರಲಿ. ಪೂಜೆಗೆಂದು ಬೆಳೆಸಿದ ಕಣಗಿಲೆ ಗಿಡ ತೆಗೆಸಿ, ಎಲೆಯಿಂದ ಹೂವಿನವರೆಗೆ ಎಲ್ಲವೂ ವಿಷ. ಹೊಸ ಸಿಬ್ಬಂದಿಯನ್ನು ಸೇರಿಸಿಕೊಳ್ಳುವಾಗ ಪೊಲೀಸ್ ಪರಿಶೀಲನಾ ಪತ್ರ ತರಿಸಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ‘ನಾವೇ ವಿಚಾರಿಸಿ ನೋಡೋಣ’ ಎನ್ನುವಂತಿಲ್ಲ. 2012ರ ಪೋಕ್ಸೊ ಕಾಯಿದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಉಂಟು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಪ್ರಶ್ನೆ: ಇರುವುದು ಒಂದೇ ಟಾಯ್ಲೆಟ್. ಮಕ್ಕಳು 28 ಆಗಲಿದ್ದಾರೆ. ಸಾಲದೇ?
— ಓದುಗರು, ದಾವಣಗೆರೆ

ಉತ್ತರ: ಸಾಲದು. ತಿಂಡಿ ಮುಗಿದೊಡನೆ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಚಡ್ಡಿ ಬಿಚ್ಚಿ, ಕೂರಿಸಿ, ತೊಳೆದು, ಕೈಗೆ ಸೋಪು ಹಚ್ಚಿಸಲು ಮಗುವಿಗೆ ಎರಡು ನಿಮಿಷವೆಂದರೂ 28 ಮಕ್ಕಳಿಗೆ 56 ನಿಮಿಷ. ಅಷ್ಟರಲ್ಲಿ ನಾಲ್ಕು ಚಡ್ಡಿ ಒದ್ದೆಯಾಗಿ, ಆಯಾ ಬೆಳಗ್ಗೆಯೆಲ್ಲ ಬಚ್ಚಲಲ್ಲೇ ಕಳೆಯುತ್ತಾರೆ. ಹತ್ತು ಮಕ್ಕಳಿಗೊಂದು ಎಂದು ಇಟ್ಟುಕೊಳ್ಳಿ, ಹುಡುಗರಿಗೆ ಹುಡುಗಿಯರಿಗೆ ಬೇರೆ ಬೇರೆ ಇರಲಿ. ಮಕ್ಕಳ ಕಮೋಡಿನ ಎತ್ತರ ಹತ್ತು–ಹನ್ನೊಂದು ಇಂಚು, ಬೇಸಿನ್ ನೆಲದಿಂದ 18–20 ಇಂಚು. ಒತ್ತುವ ನಲ್ಲಿ ಚಿಕ್ಕ ಕೈಗೆ ಬಗ್ಗುವುದಿಲ್ಲ, ಕಾಲು ಸುತ್ತು ತಿರುಗುವ ಹಿಡಿಯ ನಲ್ಲಿ ಹಾಕಿಸಿ. ಒಳ ಚಿಲಕ ಕೀಳಿಸಿ, ಬಾಗಿಲಿನ ಕೆಳಗೆ ಮತ್ತು ಮೇಲೆ ತೆರಪು ಬಿಡಿ. ವೆಟ್ ವೈಪ್ಸ್ ಕಮೋಡಿಗೆ ಹಾಕದಂತೆ ಆಯಾಗೆ ಮೊದಲ ದಿನವೇ ಹೇಳಿ. ಅದು ಕರಗುವುದಿಲ್ಲ, ಛೇಂಬರಿನ ತಿರುವಿನಲ್ಲಿ ಕಟ್ಟಿಕೊಂಡು ನೀರು ಪಕ್ಕದ ಮನೆಯಲ್ಲಿ ಉಕ್ಕುತ್ತದೆ. ಅಲ್ಲಿಗೆ ನೆರೆಹೊರೆಯ ಸ್ನೇಹವೂ ಮುಗಿಯಿತು.

ಪ್ರಶ್ನೆ: ನಮ್ಮದು 20 ಅಡಿ ರಸ್ತೆ. ಬೆಳಗ್ಗೆ ಒಂಬತ್ತಕ್ಕೆ ಗೇಟಿಗೆ ಅಡ್ಡ ಗಾಡಿ ನಿಲ್ಲಿಸುತ್ತಾರೆಂದು ಎದುರು ಮನೆಯವರು ಜಗಳಕ್ಕೆ ಬಂದಿದ್ದಾರೆ. ಮಕ್ಕಳು ಹೆಚ್ಚಾದರೆ ಇನ್ನೇನು ಗತಿ?
— ಹೆಸರು ಬೇಡ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅವರ ಸಿಟ್ಟಿನಲ್ಲಿ ನ್ಯಾಯವಿದೆ. 30 ಮಕ್ಕಳು ಹದಿನೈದು ನಿಮಿಷದಲ್ಲಿ ಬಂದರೆ ನಿಮಿಷಕ್ಕೆ ಎರಡು ಗಾಡಿ. ಅಮ್ಮ ಇಳಿದು, ಶೂ ಬಿಚ್ಚಿ, ‘ಮಿಸ್, ರಾತ್ರಿ ಕೆಮ್ಮಿತ್ತು’ ಎಂದು ಹೇಳಿ ಹೊರಡಲು ಮೂರು ನಿಮಿಷ. ಹಾಗಾದರೆ ಯಾವ ಹೊತ್ತಿಗೂ ಆರು ಗಾಡಿ ರಸ್ತೆಯಲ್ಲಿರುತ್ತವೆ. 30 ಅಡಿ ಮುಖದ ಸೈಟಿನ ಮುಂದೆ ಹಿಡಿಸುವುದು ಎರಡೇ ಕಾರು, ಉಳಿದವು ಎದುರು ಮನೆಯ ಗೇಟಿಗೇ. ದೊಡ್ಡವರಿಗೆ 8.45, ನಡುವಿನವರಿಗೆ 9, ಚಿಕ್ಕವರಿಗೆ 9.15 ಎಂದು ಹಂಚಿ 45 ನಿಮಿಷಕ್ಕೆ ಹರಡಿದರೆ ಒಮ್ಮೆಗೆ ಎರಡೇ ಗಾಡಿ. ಆಯಾ ಗೇಟಿಗೇ ಬಂದು ಮಗುವನ್ನು ಕರೆದುಕೊಂಡರೆ ಇನ್ನೂ ಬೇಗ ಖಾಲಿಯಾಗುತ್ತದೆ. ಕೆಮ್ಮಿನ ಸುದ್ದಿ ಡೈರಿಯಲ್ಲಿ ಬರೆಯಲಿ. ಆಟೊ, ವ್ಯಾನ್ ರಸ್ತೆಯ ಮೂಲೆಯಲ್ಲೇ ನಿಲ್ಲಲಿ.

ಮೈಕು ಬೇಡ, ವಸತಿ ಪ್ರದೇಶದಲ್ಲಿ ಹಗಲಿನ ಶಬ್ದ ಮಿತಿ 55 ಡೆಸಿಬಲ್. ವಾರ್ಷಿಕೋತ್ಸವಕ್ಕೆ ಕಲ್ಯಾಣ ಮಂಟಪವೋ ಸಮುದಾಯ ಭವನವೋ ಹಿಡಿಯಿರಿ.

ಅಕ್ಕಪಕ್ಕದವರು ಒಪ್ಪಿದ್ದಾರೆಂದು ಸಹಿ ಹಾಕಿಸಿಕೊಂಡರೆ ಆಯಿತು ಎಂದುಕೊಳ್ಳುವವರಿದ್ದಾರೆ. ಆ ಸಹಿ ಜಗಳಕ್ಕೆ ತಡೆ ಆದೀತು, ಕಾನೂನಿಗೆ ಅಲ್ಲ. ವಸತಿ ವಲಯದಲ್ಲಿ ನರ್ಸರಿಗೆ ಎಷ್ಟು ಜಾಗ, ಎಷ್ಟು ಅಗಲದ ರಸ್ತೆ ಇರಬೇಕೆಂಬುದನ್ನು ನಿಮ್ಮೂರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಿಯಮ ಹೇಳುತ್ತದೆ. ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಸೈಟ್ ನಂಬರ್, ರಸ್ತೆ ಅಗಲ, ಬಳಸುವ ಚದರಡಿ ಬರೆದು ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿಗೆ ‘ನಡೀತದ್ರಿ’ ಅಂದದ್ದು ನಾಳೆ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಪಕ್ಕದ ಪೋರ್ಷನ್ ಖಾಲಿಯಾಗಿದೆ, ಅದನ್ನೂ ಹಿಡಿಯುವ ಯೋಚನೆ. ಕಾಗದ ಪತ್ರದಲ್ಲಿ ಏನೇನು ನೋಡಬೇಕು?
— ಓದುಗರು, ಜೆ.ಪಿ. ನಗರ

ಉತ್ತರ: ಹನ್ನೊಂದು ತಿಂಗಳ ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದಿದ್ದರೆ ಮಾಲೀಕರು ಯಾವಾಗ ಬೇಕಾದರೂ ಮನೆ ಬಿಡಿ ಎನ್ನಬಹುದು, ಅದೂ ಶಾಲೆ ವರ್ಷದ ನಡುವೆ. ಮೂರು ವರ್ಷದ ಕರಾರು ಮಾಡಿಸಿ, ನೋಂದಾಯಿಸಿ. ಒಂದು ವರ್ಷ ಮೀರುವ ಕರಾರಿಗೆ ನೋಂದಣಿ ಕಡ್ಡಾಯ. ಪ್ಲೇ ಹೋಮ್ ನಡೆಸಲು ಒಪ್ಪಿಗೆ, ಬಿಡಿಸುವುದಾದರೆ ಏಪ್ರಿಲ್–ಮೇನಲ್ಲೇ ಎಂಬ ಷರತ್ತು ಅದರಲ್ಲಿರಲಿ. ವಸತಿಯೇತರ ಬಳಕೆಯಿಂದ ಹೆಚ್ಚುವ ಆಸ್ತಿ ತೆರಿಗೆ ಯಾರದೆಂದೂ ಬರೆಸಿ. ಎರಡು ವರ್ಷದ ಬಳಿಕ ಮನಸ್ತಾಪವಾಗುವುದು ಇದಕ್ಕೇ.

ಕರೆಂಟಿನ ವಿಷಯ ಸಣ್ಣದಲ್ಲ. ಗೃಹಜ್ಯೋತಿಯ 200 ಯೂನಿಟ್ ಮನೆ ಬಳಕೆಗೆ ಮಾತ್ರ. ಆ ಮೀಟರಿನಲ್ಲಿ ಶಾಲೆ ನಡೆಸಿ ತಪಾಸಣೆಯಲ್ಲಿ ಸಿಕ್ಕಿದರೆ ದಂಡ ಬೀಳುತ್ತದೆ. ಶಾಲೆಯ ಭಾಗಕ್ಕೆ ಬೇರೆ ಮೀಟರ್ ಹಾಕಿಸಿ. ಖಾಸಗಿ ಶಿಕ್ಷಣ ಸಂಸ್ಥೆಗೆ ಬೇರೆಯೇ ದರವಿದೆ, ಅಂಗಡಿಯ ದರಕ್ಕೆ ಒಪ್ಪಿಕೊಳ್ಳಬೇಡಿ. ಶಾಲಾಪೂರ್ವ ಶಿಕ್ಷಣದ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಸಂಜೆಯವರೆಗಿನ ಡೇ ಕೇರ್, ಡ್ರಾಯಿಂಗ್ ಕ್ಲಾಸಿನ ಹಣಕ್ಕೂ ಅದು ಸಲ್ಲುತ್ತದೆಂದು ತಾವೇ ತೀರ್ಮಾನಿಸಬೇಡಿ. ಬಿಲ್ ಪುಸ್ತಕ ಬೇರೆ ಇಟ್ಟು ಲೆಕ್ಕಿಗರನ್ನು ಕೇಳಿ. ಊಟ ಬಡಿಸುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಎಲ್‌ಕೆಜಿ, ಯುಕೆಜಿ ಸೇರಿಸುವ ಯೋಚನೆಯಿದ್ದರೆ ಪೋಷಕರಿಂದ ಹಣ ತೆಗೆದುಕೊಳ್ಳುವ ಮುಂಚೆಯೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ನೋಂದಣಿ ವಿಚಾರಿಸಿ. ಪೂರ್ವ ಪ್ರಾಥಮಿಕ ಶಿಕ್ಷಣವೂ 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ವ್ಯಾಪ್ತಿಯಲ್ಲೇ ಬರುತ್ತದೆ.

ಪ್ರಶ್ನೆ: ಸೀಟು ತುಂಬಿಸಲು ಎರಡು ವರ್ಷ ಎಂಟು ತಿಂಗಳ ಮಗುವನ್ನು ನರ್ಸರಿಗೆ ಸೇರಿಸಿಕೊಳ್ಳಬಹುದೇ?
— ಓದುಗರು, ತುಮಕೂರು

ಉತ್ತರ: ನರ್ಸರಿಗೆ ಬೇಡ. ಪ್ಲೇ ಸ್ಕೂಲ್ ಮಾರ್ಗಸೂಚಿಯಲ್ಲೂ ಮೂರು ತುಂಬಿರಬೇಕು ಎಂದೇ ಇದೆ. ಮೂರರೊಳಗಿನ ಮಕ್ಕಳಿಗೆ ಹತ್ತಕ್ಕೊಬ್ಬರು ದೊಡ್ಡವರು ಬೇಕು, ಮಲಗುವ ಮೂಲೆ ಬೇಕು. ಅದು ಡೇ ಕೇರ್, ಲೆಕ್ಕವೇ ಬೇರೆ. ಇನ್ನೊಂದು ತೊಡಕು ಮೂರು ವರ್ಷದ ಬಳಿಕ ಬರುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂಬುದು ರಾಜ್ಯದ ನಿಯಮ. 2025–26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ನೀವು ಬೇಗ ಸೇರಿಸಿಕೊಂಡ ಮಗು ಯುಕೆಜಿ ಮುಗಿಸಿದಾಗ ಐದು ವರ್ಷ ಎಂಟು ತಿಂಗಳಿರುತ್ತದೆ, ಸಡಿಲಿಕೆ ಇಲ್ಲದ ವರ್ಷವಾದರೆ ಅದೇ ತರಗತಿಯಲ್ಲಿ ಮತ್ತೊಮ್ಮೆ ಕೂರಬೇಕು. ಪೋಷಕರು ಆಗ ಬಂದು ಕೇಳುವುದು ನಿಮ್ಮನ್ನೇ. ಅರ್ಜಿ ಫಾರಂನಲ್ಲಿ ಹುಟ್ಟಿದ ದಿನಾಂಕದ ಪಕ್ಕದಲ್ಲೇ ‘ಒಂದನೇ ತರಗತಿಗೆ ಅರ್ಹವಾಗುವ ವರ್ಷ’ ಎಂಬ ಖಾನೆ ಹಾಕಿಸಿ, ತುಂಬಿಸಿ, ಪೋಷಕರ ಸಹಿ ತೆಗೆದುಕೊಳ್ಳಿ.