ರಿಪೋರ್ಟ್‌ನಲ್ಲಿ ‘ಎಸ್’ ಇದೆ, ಸೋಂಕು ಮಾತ್ರ ಹೋಗ್ತಿಲ್ಲ!

ಪ್ರಶ್ನೆ: ಮೇಡಂ, ನಮ್ಮ ತಂದೆಗೆ ಮೊಣಕಾಲಿನ ಕೀಲು ಬದಲಿಸಿ ಒಂದೂವರೆ ವರ್ಷ ಆಯ್ತು. ನಾಲ್ಕು ತಿಂಗಳಿಂದ ಊತ, ನೋವು, ಆಗಾಗ ಜ್ವರ. ಕೀಲಿನ ನೀರು ತೆಗೆದು ಪರೀಕ್ಷಿಸಿದಾಗ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಅಂತ ಬಂತು. ರಿಪೋರ್ಟ್‌ನಲ್ಲಿ ಆರು ಔಷಧಿಗಳ ಮುಂದೆ ‘ಎಸ್’ ಇದೆ. ಅಂದರೆ ಕೆಲಸ ಮಾಡುತ್ತೆ ಅಂತ ತಾನೆ? ಔಷಧಿ ಕೊಟ್ಟಾಗ ಜ್ವರ ಇಳಿಯಿತು. ನಿಲ್ಲಿಸಿದ ಹದಿನೈದು ದಿನಕ್ಕೆ ಮತ್ತೆ ಶುರು. ಈಗ ಕೀಲನ್ನೇ ತೆಗೆಯಬೇಕು ಅನ್ನುತ್ತಿದ್ದಾರೆ. ಲ್ಯಾಬ್‌ನವರು ತಪ್ಪು ಮಾಡಿದ್ದಾರಾ?

ಉತ್ತರ: ಲ್ಯಾಬ್‌ನವರ ಮೇಲೆ ಸಿಟ್ಟಾಗಬೇಡಿ. ಆ ‘ಎಸ್’ ಸುಳ್ಳಾಗಿರಬೇಕಿಲ್ಲ. ಆದರೆ ಅದು ಯಾವ ಸ್ಥಿತಿಯಲ್ಲಿರುವ ಬ್ಯಾಕ್ಟೀರಿಯಾದ ಬಗ್ಗೆ ಹೇಳಿದ್ದು ಅಂತ ನೋಡಬೇಕು.

ಸಾಮಾನ್ಯವಾಗಿ ಪರೀಕ್ಷೆ ಹೀಗಿರುತ್ತದೆ. ಬ್ಯಾಕ್ಟೀರಿಯಾವನ್ನು ಬೆಳೆಸಿ, ನೀರಿನಲ್ಲಿ ಕದಡಿ, ತಟ್ಟೆಯ ಮೇಲೆ ತೆಳ್ಳಗೆ ಸವರುತ್ತಾರೆ. ಅದರ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಮಾರನೇ ದಿನ ಬಿಲ್ಲೆಯ ಸುತ್ತ ಎಷ್ಟು ಮಿಲಿಮೀಟರ್ ಖಾಲಿ ಉಳಿದಿದೆ ಅಂತ ಅಳೆಯುತ್ತಾರೆ. ಅಂದರೆ ಪರೀಕ್ಷೆಗೆ ಕೂತವು ಬಿಡಿಬಿಡಿಯಾಗಿ, ಹೊಟ್ಟೆತುಂಬ ತಿಂದು ಭರದಿಂದ ಬೆಳೆಯುತ್ತಿರುವ ಬ್ಯಾಕ್ಟೀರಿಯಾ. ಕೀಲಿನ ಲೋಹ, ಪ್ಲಾಸ್ಟಿಕ್ ಮೇಲಿರುವವು ಹಾಗಿರುವುದಿಲ್ಲ. ಅಂಟಿಕೊಂಡು, ಒಂದರ ಮೇಲೊಂದು ಪೇರಿಕೊಂಡು, ಸುತ್ತ ಲೋಳೆ ಕಟ್ಟಿಕೊಂಡು ಕೂತಿರುತ್ತವೆ. ಇದೇ ಬಯೋಫಿಲ್ಮ್. ಆ ಲೋಳೆಯಲ್ಲಿ ಸಕ್ಕರೆಯ ಸರಪಳಿಗಳಿವೆ, ಪ್ರೋಟೀನ್ ಇದೆ, ಸತ್ತ ಬ್ಯಾಕ್ಟೀರಿಯಾಗಳಿಂದ ಹೊರಬಿದ್ದ ಡಿಎನ್‌ಎ ಕೂಡ ಇದೆ. ಸತ್ತ ನಂಟರನ್ನೂ ಗೋಡೆಗೆ ಮೆತ್ತುವ ಜಾತಿ!

ನಾನು ಇಪ್ಪತ್ತೆರಡು ವರ್ಷ ಈ ಲೋಳೆಯನ್ನೇ ತೊಳೆದವಳು. 96 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟ್ ಇರುತ್ತೆ. ಪ್ರತಿ ಗುಳಿಗೆ ಬ್ರಾತ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಸಾರು. ಅದರಲ್ಲಿ ಸ್ಟ್ಯಾಫ್, ಅಂದರೆ ಸ್ಟ್ಯಾಫಿಲೊಕಾಕಸ್. 37 ಡಿಗ್ರಿಯಲ್ಲಿ ಒಂದು ದಿನ ಇಟ್ಟು, ಚೆಲ್ಲಿ, ಮೂರು ಸಲ ತೊಳೆದು, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಮತ್ತೆ ತೊಳೆಯಬೇಕು. ಅಂಟಿಕೊಂಡಿದ್ದರೆ ತಳದಲ್ಲಿ ನೇರಳೆ ಪದರ ಉಳಿಯುತ್ತದೆ. ಮೊದಲ ಎರಡು ತಿಂಗಳು ನನ್ನ ಪ್ಲೇಟ್‌ಗಳೆಲ್ಲ ಸ್ವಚ್ಛ. ನಲ್ಲಿಯ ಕೆಳಗೆ ಹಿಡಿದು ಜೋರಾಗಿ ತೊಳೀತಿದ್ದೆ ನೋಡಿ, ಅದೇ ತಪ್ಪು ಅಂದುಕೊಂಡು ನಿಧಾನ ಮಾಡಿದೆ. ಆಗಲೂ ಇಲ್ಲ. ಹಿರಿಯರೊಬ್ಬರು ‘ಬ್ರಾತ್‌ಗೆ ಚೂರು ಗ್ಲೂಕೋಸ್ ಹಾಕಿ ನೋಡಮ್ಮಾ’ ಅಂದರು. ಮಾರನೇ ದಿನ ಬಣ್ಣ ಹೋಗು ಅಂದರೂ ಹೋಗಲಿಲ್ಲ. ಅದೇ ಬ್ಯಾಕ್ಟೀರಿಯಾ, ಅದೇ ಪ್ಲೇಟ್. ಊಟ ಬದಲಾಯಿತು, ನಡವಳಿಕೆ ಬದಲಾಯಿತು.

ಆಮೇಲೆ ಆ ಪದರದ ಮೇಲೆ ಔಷಧಿ ಹಾಕಿದೆ. ಬಿಡಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರಮಾಣದ ನೂರು ಪಟ್ಟು ಹಾಕಿದರೂ ಒಂದಿಷ್ಟು ಬದುಕಿದ್ದವು. ಬದುಕಿದವನ್ನು ಕೆರೆದು ಹೊಸ ಬ್ರಾತ್‌ನಲ್ಲಿ ಬೆಳೆಸಿ ಮತ್ತೆ ಪರೀಕ್ಷಿಸಿದರೆ? ಆರಾಮಾಗಿ ‘ಎಸ್’! ಹಳೆಯ ಸಣ್ಣ ಪ್ರಮಾಣಕ್ಕೇ ಸತ್ತವು. ನಿಮ್ಮ ತಂದೆಯ ರಿಪೋರ್ಟ್‌ನಲ್ಲೂ ಬಹುಶಃ ಆಗಿರುವುದು ಇಷ್ಟೇ.

ಇದು ಹೊಸ ಸಂಗತಿಯೇನಲ್ಲ. ಪೆನಿಸಿಲಿನ್ ಇನ್ನೂ ಹೊಸದಾಗಿದ್ದ 1944ರಲ್ಲೇ ಜೋಸೆಫ್ ಬಿಗರ್ ಎಂಬ ವೈದ್ಯವಿಜ್ಞಾನಿ ಇದನ್ನು ನೋಡಿದ್ದರು. ಎಷ್ಟೇ ಪೆನಿಸಿಲಿನ್ ಹಾಕಿದರೂ ಸುಮಾರು ಹತ್ತು ಲಕ್ಷಕ್ಕೊಂದು ಸ್ಟ್ಯಾಫ್ ಉಳಿಯುತ್ತಿತ್ತು. ಉಳಿದದ್ದರ ಮರಿಗಳು ಮಾತ್ರ ಪೆನಿಸಿಲಿನ್‌ಗೆ ಮಾಮೂಲಾಗಿ ಸಾಯುತ್ತಿದ್ದವು. ಅವರು ಇವಕ್ಕೆ ‘ಪರ್ಸಿಸ್ಟರ್’ ಅಂತ ಹೆಸರಿಟ್ಟರು. ನಾನು ಕುಂಭಕರ್ಣ ಅನ್ನುತ್ತೇನೆ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಗೋಡೆ ಕಟ್ಟುವಾಗ. ನಿದ್ದೆಯಲ್ಲಿರುವವನು ಗೋಡೆ ಕಟ್ಟೋದೇ ಇಲ್ವಲ್ಲ. ಬಯೋಫಿಲ್ಮ್‌ನ ಆಳದಲ್ಲಿ ಊಟ, ಗಾಳಿ ಕಮ್ಮಿ. ಹಾಗಾಗಿ ಅಲ್ಲಿ ನಿದ್ದೆ ಹೋದವು ಜಾಸ್ತಿ. ಔಷಧಿ ನಿಲ್ಲಿಸಿದ ಮೇಲೆ ಅವು ಏಳುತ್ತವೆ, ಜ್ವರ ವಾಪಸ್ ಬರುತ್ತದೆ.

ಕೀಲು ತೆಗೆಯೋ ಮಾತು ಬಂದಿರುವುದೂ ಇದಕ್ಕೇ. ಸೋಂಕು ಶುರುವಾಗಿ ಕೆಲವೇ ದಿನ ಆಗಿದ್ದರೆ ಬಿಚ್ಚಿ ತೊಳೆದು ಅದೇ ಕೀಲನ್ನು ಉಳಿಸಿಕೊಳ್ಳಲು ನೋಡುತ್ತಾರೆ. ನಾಲ್ಕು ತಿಂಗಳ ಪದರ ತೊಳೆದರೆ ಹೋಗೋದು ಕಷ್ಟ. ಒಂದೇ ಆಪರೇಷನ್‌ನಲ್ಲಿ ಹೊಸ ಕೀಲು ಹಾಕ್ತಾರಾ, ಇಲ್ಲ ಮೊದಲು ತೆಗೆದು ಕೆಲವು ವಾರ ಬಿಟ್ಟು ಹಾಕ್ತಾರಾ ಅಂತ ಕೇಳಿ. ಎಷ್ಟು ಕಡೆಯಿಂದ ಮಾದರಿ ತೆಗೀತಾರೆ ಅಂತಲೂ ಕೇಳಿ. ಎಪಿಡರ್ಮಿಡಿಸ್ ನಮ್ಮೆಲ್ಲರ ಚರ್ಮದ ಮೇಲಿರುತ್ತೆ. ಒಂದೇ ಮಾದರಿಯಲ್ಲಿ ಸಿಕ್ಕರೆ ಅದು ಚರ್ಮದಿಂದ ಬಂದದ್ದೋ ಕೀಲಿನದ್ದೋ ಹೇಳೋಕಾಗಲ್ಲ. ಅಷ್ಟರೊಳಗೆ ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ, ಪರೀಕ್ಷೆಯಲ್ಲಿ ಏನೂ ಬೆಳೆಯದೆ ಹೋದೀತು. ಆಪರೇಷನ್ ನಂತರ ರಿಫಾಂಪಿಸಿನ್ ಬರೆದರೆ ಜೊತೆಗೆ ಇನ್ನೊಂದು ಔಷಧಿ ಇದ್ದೇ ಇರುತ್ತೆ. ಅದನ್ನು ಬಿಟ್ಟು ಇದೊಂದನ್ನೇ ನುಂಗಬಾರದು. ರಿಫಾಂಪಿಸಿನ್ ಬಯೋಫಿಲ್ಮ್ ಮೇಲೆ ಒಳ್ಳೆ ಕೆಲಸ ಮಾಡುತ್ತೆ, ಆದರೆ ಒಂಟಿಯಾಗಿ ಸಿಕ್ಕರೆ ಸ್ಟ್ಯಾಫ್ ಬೇಗನೆ ನಿಜವಾದ ಪ್ರತಿರೋಧ ಬೆಳೆಸಿಕೊಳ್ಳುತ್ತೆ.

ಪ್ರಶ್ನೆ: ಹಾಗಾದರೆ ಎಂಆರ್‌ಎಸ್‌ಎ ಅನ್ನೋದೂ ಬಯೋಫಿಲ್ಮೇನಾ?

ಉತ್ತರ: ಅಲ್ಲ. ಮೆಥಿಸಿಲಿನ್ ಎಂಬ ಔಷಧಿ ಬಂದದ್ದು 1959ರಲ್ಲಿ. 1961ರಲ್ಲೇ ಅದಕ್ಕೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ರಿಟನ್ನಿನಿಂದ ವರದಿಯಾಯಿತು. ಅದೇ ಎಂಆರ್‌ಎಸ್‌ಎ. ಅದರಲ್ಲಿರುವುದು ‘ಮೆಕ್‌ಎ’ ಎಂಬ ಜೀನ್. ಬಿಡಿಯಾಗಿದ್ದರೂ, ಗುಂಪಾಗಿದ್ದರೂ ಅದು ಪ್ರತಿರೋಧಿಯೇ, ಅದರ ಮರಿಗಳೂ ಹಾಗೆಯೇ. ರಿಪೋರ್ಟ್‌ನಲ್ಲಿ ‘ಆರ್’ ಅಂತ ಬರುತ್ತೆ, ಅಂದರೆ ಔಷಧಿಗೆ ಜಗ್ಗಲ್ಲ ಅಂತ. ಎಂಆರ್‌ಎಸ್‌ಎ ಬಯೋಫಿಲ್ಮ್ ಕಟ್ಟಬಹುದು, ಆಗ ಎರಡು ತಲೆನೋವು.

ಪ್ರಶ್ನೆ: ಮೂಗಿನ ಸ್ವಾಬ್‌ನಲ್ಲಿ ಸ್ಟ್ಯಾಫ್ ಆರಿಯಸ್ ಬಂದಿದೆ. ತೊಂದರೆ ಏನೂ ಇಲ್ಲ. ಮಾತ್ರೆ ತಗೊಳ್ಳಲಾ?

ಉತ್ತರ: ಸುಮ್ನೆ ಬೇಡ. ಸುಮಾರು ಹತ್ತು ಜನರಲ್ಲಿ ಮೂವರ ಮೂಗಿನಲ್ಲಿ ಅದು ಇರುತ್ತೆ. ದೊಡ್ಡ ಆಪರೇಷನ್ ಇದ್ದರೆ ಮೊದಲೇ ಡಾಕ್ಟರ್‌ಗೆ ಹೇಳಿ, ಮೂಗಿಗೆ ಹಚ್ಚುವ ಮುಲಾಮು ಕೊಡಬಹುದು. ನನ್ನ ಮೂಗಿನಲ್ಲೂ ಇದೆ. ಪ್ರಾಕ್ಟಿಕಲ್ ಕ್ಲಾಸಿಗೆ ಕಲ್ಚರ್ ಸಿಗದ ದಿನ ನನ್ನ ಮೂಗಿನ ಸ್ವಾಬೇ ಗತಿ. ಮಾರನೇ ದಿನ ತಟ್ಟೆ ತುಂಬ ಹೊಂಬಣ್ಣದ ಚುಕ್ಕೆ.